ಹಳ್ಳದವರೆಗೆ

ನಲವತ್ತು ವರ್ಷ ಬಸ್ಸಿನ ಡ್ರೈವರ್ ಆಗಿದ್ದೆ ನಾನು,
ಪೋರ್ಟ್‌ಗಾರಿಯಿಂದ ಅಬರ್ಡೀನಿಗೆ, ಅಲ್ಲಿಂದ ಮತ್ತೆ ಪೋರ್ಟ್‌ಗಾರಿಗೆ.
ಚೀಲದಲ್ಲಿರುವ ಈ ಇನ್ನೊಂದು ಡ್ರೈವರ್ ಮಾತ್ರ
ಹೇಳಿದ ಸ್ಟಾಪಿನಲ್ಲಿ ಒಂದು ದಿನವೂ ನಿಂತದ್ದಿಲ್ಲ.
ಹಾಗಾಗಿ ಇಷ್‌ಬೆಲ್ ಹೊಸದು ಕೊಳ್ಳುತ್ತೇನೆ ಅಂದಾಗ
ಜೊತೆಗೆ ಹೋದೆ, ಸುಮ್ಮನೆ ನೋಡುವುದಕ್ಕೆ,
ಕೈ ಎರಡೂ ಜೇಬಿನೊಳಗಿಟ್ಟುಕೊಂಡು.

ಅಂಗಡಿಯ ಹಿಂದುಗಡೆ ಒಂದು ಬಲೆ, ಒಂದು ಪರದೆ.
ಹ್ಯಾಡಕ್ ಮೀನು ಸೀಳಿ ಸೀಳಿ
ಬೆರಳು ಗಂಟುಗಟ್ಟಿದ ಹೆಂಗಸಿಗೆ
ಬಲೆಯೇನು ಹೊಸದಲ್ಲ.
ಗ್ರೆಗರ್ ಎಂಬ ಹುಡುಗ ಏಳು ಕೋಲು ಕೊಟ್ಟ,
ಒಂದೊಂದರ ತಲೆಯೂ ಎಳೆ ಕುಂಬಳಕಾಯಿ.
ಹೊಡೆದಂತೆಲ್ಲ ಪರದೆಯ ಮೇಲೆ ಅಂಕಿ ಉದುರಿದವು:
ವೇಗ, ಕೋನ, ಇನ್ನೇನೋ ಸುತ್ತು.
"ಮೂರನೆಯದು ಹನ್ನೊಂದು ಗಜ ಮುಂದೆ," ಅಂದ.
"ಐದನೆಯದು ಕಟ್ಟಿಕೊಡು," ಅಂದಳು.
ಹುಡುಗ ಅಂಕಿ ನೋಡಿದ, ಅವಳನ್ನು ನೋಡಿದ, ನನ್ನನ್ನು ನೋಡಿದ.
"ಮೂರನೆಯದು ಡಬ್ಬಿ ಬಿದ್ದ ಹಾಗೆ ಕೂಗುತ್ತಪ್ಪ.
ಇದು ಒಳ್ಳೇ ಕಾರಿನ ಬಾಗಿಲು ಮುಚ್ಚಿದ ಹಾಗೆ.
ಕಾರಂತೂ ಇಲ್ಲ ನನಗೆ. ಸದ್ದಾದರೂ ಇರಲಿ."

ಬೆಲೆ ನಾನು ಹೇಳುವುದಿಲ್ಲ.
ತಂಗಿಗೂ ಅವಳು ಹೇಳಿಲ್ಲ.
ಹಳೆಯದು ಹಿತ್ತಿಲಲ್ಲಿ ಬಟಾಣಿ ಬಳ್ಳಿಗೆ ಊರುಗೋಲಾಯಿತು.

ಮೊದಲ ಮೂರು ವಾರ
ಹಳದಿ ಹೂವಿನ ಮುಳ್ಳುಪೊದೆಗೆ ಚೆಂಡಿನ ನೈವೇದ್ಯ.
ಟೀ ಎತ್ತರಿಸು ಅಂದ ಡಂಕನ್,
ತಗ್ಗಿಸು ಅಂದ ಅವನ ತಮ್ಮ.
ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರಲ್ಲ,
ಇಲ್ಲಿ ನೆಲ ನಿಜಕ್ಕೂ ಡೊಂಕು,
ಸಮುದ್ರ ಮಡಚಿಟ್ಟು ಮರೆತ ಕಂಬಳಿ.
ಆದರೂ ಅವಳು ನೆಲವನ್ನು ದೂರಲಿಲ್ಲ.
ಕೋಲಿನ ತಲೆಯನ್ನು ಏಪ್ರನ್ನಿನಲ್ಲಿ ಒರೆಸಿ
ಮತ್ತೆ ಟೋಪಿ ತೊಡಿಸುತ್ತಿದ್ದಳು, ಶಾಲೆಗೆ ಹೊರಟ ಮಗುವಿಗೆ ಎಂಬಂತೆ.

ಆರನೆಯ ಕುಳಿಯ ದಾರಿಯಲ್ಲೊಂದು ಹಳ್ಳ ಅಡ್ಡ ಹರಿಯುತ್ತದೆ.
ಮೂವತ್ತೊಂದು ವರ್ಷ ಅವಳ ಚೆಂಡು
ಅದರ ಈಚೆ ಇಪ್ಪತ್ತು ಹೆಜ್ಜೆಗೆ ನಿಂತದ್ದು.
ಅಲ್ಲಿಂದ ಇನ್ನೊಂದು ಕೋಲು, ಒಂದು ಮೆಲುವೇಟು, ಆಚೆ ದಡ.
ಹಳ್ಳ ಅವಳ ಪಾಲಿಗೆ ನಕಾಶೆಯಲ್ಲಿರುವ ಊರು.
ಅದು ಗಂಡ ವಾಟಿಯ ಊರು. ಅವನ ಕೈ ಉದ್ದ,
ಪ್ರತಿ ಗುರುವಾರ ನೇರ ನೀರಿಗೇ.

ಅಕ್ಟೋಬರಿನ ಒಂದು ಗುರುವಾರ, ಗಾಳಿ ಬೆನ್ನಿಗೆ.
ಕಾರಿನ ಬಾಗಿಲು ಮುಚ್ಚಿತು.
ಚೆಂಡು ಹೋಯಿತು, ಪುಟಿಯಿತು, ಮತ್ತೂ ಪುಟಿಯಿತು,
ಆಮೇಲೆ ಇಲ್ಲ.
ನಾನು ಚಪ್ಪಾಳೆ ತಟ್ಟಿದೆ.
ಹಾಳಾದವನೇ ಎಂಬಂತೆ ನೋಡಿ
ದಡ ಹಿಡಿದು ಇಳಿದಳು.

ತುಂಬ ಹೊತ್ತಾಯಿತು.
ಮೇಲೆ ನಾನು ಟೋಪಿ ಒತ್ತಿ ಹಿಡಿದು ನಿಂತಿದ್ದೆ.
ಕೊನೆಗೆ ತಲೆ ಕಂಡಿತು, ಆಮೇಲೆ ಮಾತು:
"ಡಾಡ್, ಕೆಳಗೆ ಗಾಳಿಯೇ ಇಲ್ಲ."
"ಹೌದಾ?"
"ಕಡ್ಡಿ ಗೀರಿದರೆ ಅಲ್ಲಾಡದೆ ಉರಿಯುತ್ತೆ."

ಡಾಕ್ಟರ ಮುಂದೆ, ಬೈಬಲ್ ಮುಂದೆ ಪೈಪ್ ಬಿಟ್ಟವನು ವಾಟಿ.
ಚೆಂಡು ಹುಡುಕಲು ಹತ್ತು ನಿಮಿಷ,
ಹತ್ತಿ ಬಂದರೆ ಶೂ ಒದ್ದೆ, ಕೈ ಖಾಲಿ,
ಮುಖದ ತುಂಬ ಪುದೀನದ ವಾಸನೆ.
ಪುದೀನ ಗುಳಿಗೆ ಬಸ್ ಸ್ಟ್ಯಾಂಡಿನಿಂದ
ತಂದುಕೊಡುತ್ತಿದ್ದವನು ಯಾರು ಅಂತ
ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.
ಇಬ್ಬರೂ ನನ್ನ ಶೂ ನೋಡಿದೆವು.

"ಏಳು ಬರಿ," ಅಂದಳು. ಬರೆದೆ.

ಮುಂದಿನ ವಾರ ಗಾಳಿ ಎದುರಿಗೆ.
ಬಾಗಿಲು ಅಷ್ಟೇ ಚೆನ್ನಾಗಿ ಮುಚ್ಚಿತು,
ಚೆಂಡು ಮಾತ್ರ ಹಳೇ ಜಾಗದಲ್ಲೇ, ಇಪ್ಪತ್ತು ಹೆಜ್ಜೆ ಈಚೆ,
ಹಸಿರು ಹುಲ್ಲಿನ ಮೇಲೆ, ಯಾವ ತಕರಾರೂ ಇಲ್ಲದೆ.
ಒಳ್ಳೇ ಹೊಡೆತ, ಅಂದೆ.
"ಎಲ್ಲಿಯ ಒಳ್ಳೇದು," ಅಂದಳು,
ಹಳ್ಳದ ಕಡೆಗೇ ನೋಡುತ್ತ.