ಒಂಬತ್ತನೆಯ ವಿಷಯ

ನಾಯಿಯ ಹಗ್ಗ ಎಷ್ಟು ಗಜ ಇರಬೇಕೆಂದು
ಮುಕ್ಕಾಲು ಗಂಟೆ ವಾದಿಸಿದರು.
ಆಮೇಲೆ ಲಾಬ್‌ಸ್ಟರ್ ಹಬ್ಬಕ್ಕೆ ಶೌಚಾಲಯ.
ನಾನು ಹಿಂದಿನ ಸಾಲಲ್ಲಿ, ಮಡಿಲಲ್ಲಿ ಒದ್ದೆ ಕೋಟು,
ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಹಾಳೆ.

ನನ್ನ ಸರದಿಗೆ ಉಳಿದದ್ದು ಐವರು ಸದಸ್ಯರು, ಗುಮಾಸ್ತೆ,
ಕುರ್ಚಿ ಮಡಚುತ್ತಿದ್ದ ಆಳು.
“ದಾಖಲೆಗಾಗಿ ಹೆಸರು, ವಿಳಾಸ” ಅಂದ ಲಾಕ್ಲನ್.
ನನ್ನ ಬೇಲಿ ಹಾರಿ ಸೇಬು ಕದ್ದವ,
ಈಗ ಅಧ್ಯಕ್ಷ.
ಹ್ಯೂಯಿನಾ ಮೆಕಾಸ್ಕಿಲ್, ಹಳೆ ಹಡಗುಕಟ್ಟೆ ಬೀದಿ, ನಾಲ್ಕು.
ಒಂದು, ಎರಡು, ಮೂರು ಏನಾದವೆಂದು
ಯಾರೂ ಕೇಳಲಿಲ್ಲ.

ಮೂರು ನಿಮಿಷ. ಹಸಿರು ಹತ್ತಿತು.
ಹಾಳೆ ಬಿಚ್ಚಿದರೆ ಕನ್ನಡಕ ಮನೆಯಲ್ಲಿ.
“ಆ ಕಂಬದ ದೀಪ ಆರಿಸಬೇಡಿ.
ನನಗಾಗಿ ಅಲ್ಲ, ಆ ಕತ್ತಲು ನನಗೆ ಬಾಯಿಪಾಠ.
ತಡವಾಗಿ ಮರಳುವ ದೋಣಿಯವರು
ಅದನ್ನು ನೋಡಿಯೇ ಬಂಡೆ ತಪ್ಪಿಸುವುದು.
ನಿಮ್ಮ ನಕ್ಷೆಯಲ್ಲಿ ಅದಿಲ್ಲ.”

ಇನ್ನೂ ಒಂದು ನಿಮಿಷ ಬಾಕಿಯಿತ್ತು.
ಬಿಡಲಿಲ್ಲ, ಕೆಂಪು ಬರುವ ತನಕ ಸುಮ್ಮನೆ ನಿಂತೆ.
ಗುಮಾಸ್ತೆಗೆ ಏನು ಬರೆಯಬೇಕೋ ತಿಳಿಯದೆ
ಪೆನ್ನಿನ ಮುಚ್ಚಳ ಕಚ್ಚಿದಳು.

ಎರಡಕ್ಕೆ ಮೂರು ಮತ. ಸೋತೆ.

ಹೊರಗೆ ಕೇಪ್ ಬ್ರೆಟನ್ನಿನ ಗಾಳಿ.
ಲಾಕ್ಲನ್ ಕಾರಿನ ಬಾಗಿಲು ತೆರೆದು
“ಬನ್ನಿ, ಬಿಡ್ತೇನೆ, ಆ ಕಡೆ ಕತ್ತಲು” ಅಂದ.
ಒಳಗೇ ಹೇಳಬಾರದಿತ್ತೇನೋ ಅದನ್ನ,
ಅಂದೆ. ಹತ್ತಿ ಕೂತೆ.