ಹಾಯುಗಲ್ಲು

ಬೆಟಗೇರಿಯ ಹಳೇ ಸಾಲಿ, ಏಳನೇ ಇಯತ್ತೆಯ ಕೋಣೆ.
ಎರಡಡಿ ದಪ್ಪ ಗೋಡೆ, ಎಂದು ನಕ್ಷೆಯಲ್ಲಿ ಬರೆದಿದ್ದೆ.
ಗೌಂಡಿ ಫಕ್ಕೀರಪ್ಪ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ
ಕಿವಿಯಿಟ್ಟ. ಡಬ್.
"ಒಂದಲ್ರೀ ಬಾಯಾರ, ಎರಡ ಗ್ವಾಡಿ.
ನಡುವ ಬರೇ ಮಣ್ಣು, ಹಳ್ಳು.
ಮಾತು ಬಿಟ್ಟ ಅಣ್ಣತಮ್ಮರು."

ಕಿಲ್ಲಾರಿ ನಡುಗಿದ ನಸುಕಿನಲ್ಲಿ
ಅವನ ಅಡುಗೆಮನೆಯ ಡಬ್ಬಿಗಳು ತಾವಾಗಿ ಗಲಗಲ ಎಂದವಂತೆ.
ನನ್ನ ಲೆಕ್ಕದಲ್ಲಿ ಅದು
ಸೊನ್ನೆಯ ಬಲಕ್ಕೆ ಇನ್ನೊಂದು ಸೊನ್ನೆಯ ಬಲಕ್ಕೆ
ಒಂದು ಅಂಕಿ.

ಗಜಕ್ಕೊಂದು ತೂತು,
ಎರಡೂ ಮಾರಿ ಹಿಡಿಯುವ ಹಾಯುಗಲ್ಲು.
ಸುಣ್ಣದ ತಿಳಿಗಾರೆಯನ್ನು ಗೋಡೆ ಕುಡಿಯಿತು
ಜ್ವರದ ಮಗು ಗಂಜಿ ಕುಡಿದಂತೆ,
ಅರ್ಧ ಚೆಲ್ಲಿ.
ಸೂರಿನ ಕೆಳಗೆ ಸುತ್ತಲೂ ಉಕ್ಕಿನ ಪಟ್ಟಿ,
ಮೇಲೆ ಅದೇ ಹಳದಿ ಸುಣ್ಣ.
ಕಿಟಕಿಯ ಪಕ್ಕ ಯಾರೋ ಕೊರೆದ "ಶಂಕ್ರವ್ವ ನಾಪಾಸು"
ಹಾಗೇ ಬಿಟ್ಟೆವು.

"ಭೂಕಂಪ ಯಾವಾಗ ಬರ್ತದ್ರೀ?"
ಎರಡನೇ ಬೆಂಚಿನ ರೇಷ್ಮಾ.
ಗೊತ್ತಿಲ್ಲವ್ವ.
"ಬರಲಿಲ್ಲಂದ್ರ?"
ನಾನು ಟೇಪು ಸುತ್ತಿಕೊಂಡೆ.

ಬಿಲ್ಲು ವಾಪಸು ಬಂತು, ಕೆಂಪು ಶಾಯಿಯ ಷರಾದೊಂದಿಗೆ:
ಕೆಲಸದ ಮೊದಲಿನ ಫೋಟೋ, ನಂತರದ ಫೋಟೋ
ಒಂದೇ ಇವೆ. ವ್ಯತ್ಯಾಸ ತೋರಿಸಿ.

ಫಕ್ಕೀರಪ್ಪ ಬೀಡಿ ಆರಿಸಿ, ಮತ್ತೆ ತಟ್ಟಿದ.
ಠಣ್.
"ಫೋಟೋ ಯಾಕ್ರೀ ಬಾಯಾರ,
ಅವರ ಕಿವೀ ತರಸ್ರಿ."