ಮೊದಲೇ ಬಂದು ಹೋದವನು

ಅಪ್ಪನ ಏಲಕ್ಕಿಗೆ ಕಟ್ಟೆ ರೋಗ ಬಂದ ವರ್ಷ
ಎಲೆಯ ಮೇಲೆ ತಿಳಿಹಸಿರು ಗೀರು ಎದ್ದಾಗ
ಅವರು ಹೇಳಿದ್ದು ಒಂದೇ ಮಾತು:
ವೈರಸ್ಸು ಕಣ್ಣಿಗೆ ಕಾಣುವುದಿಲ್ಲ, ಕಿತ್ತು ಸುಡು.
ಸುಟ್ಟೆವು. ನಾಪೋಕ್ಲಿನ ಆ ಇಳಿಜಾರು
ಮೂರು ದಿನ ಪಾಯಸದ ಪರಿಮಳದಲ್ಲಿ ಉರಿಯಿತು.

ಈಗ ಡಾಕ್ಟರು ಕಾಗದದ ಮೇಲೆ ಚೆಂಡೊಂದು ಬರೆದು
(ಚೆಂಡಲ್ಲ, ಇಪ್ಪತ್ತು ಮುಖದ ಪೆಟ್ಟಿಗೆ)
ಇದೂ ವೈರಸ್ಸೇ ಅಮ್ಮಾ, ಎನ್ನುತ್ತಾರೆ,
ಒಳಗಿನದೆಲ್ಲ ತೆಗೆದಿದ್ದೇವೆ.

ಅರ್ಥವಾಯಿತು.
ಕೈಲ್ ಮುಹೂರ್ತಕ್ಕೆ ಕೋವಿಗೆ ಹೂ ಕಟ್ಟುವ ಮನೆಯವಳು ನಾನು.
ತೋಟಾದ ಮದ್ದು ಸುರಿದು, ಗುಂಡು ಸುರಿದು,
ಖಾಲಿ ಚಿಪ್ಪಿನಲ್ಲಿ ಚೀಟಿ ಮಡಿಸಿಟ್ಟಂತೆ.
ಚೀಟಿಯಲ್ಲಿ ಒಂದೇ ಸಾಲು:
ರಕ್ತವೇ, ನಿಲ್ಲುವುದು ಹೀಗೆ.

ಅದು ಲಿವರಿನ ಬಾಗಿಲು ತಟ್ಟುತ್ತದಂತೆ.
ಜೀವಕೋಶ ನೆಂಟನೆಂದು ಒಳಗೆ ಕರೆಯುತ್ತದಂತೆ.
ಪಡಸಾಲೆ ದಾಟಿ, ನಡುಕೋಣೆಯ ತನಕ ಹೋಗಿ
ಚಿಪ್ಪು ಕಳಚಿ, ಚೀಟಿ ಇಟ್ಟು
ಕರಗಿಬಿಡುತ್ತದಂತೆ, ಊಟಕ್ಕೂ ನಿಲ್ಲದೆ.

ಮೊಣ್ಣಪ್ಪನಿಗೆ ಹತ್ತೊಂಬತ್ತು.
ಮೊಣಕಾಲಿಗೆ ಅರವತ್ತು.
ಹಾಕಿ ಕಪ್ಪಿಗೆ ನಮ್ಮ ಒಕ್ಕದ ಹನ್ನೊಂದು ಜನ ಇಳಿದಾಗ
ಅವನು ಸ್ಕೋರು ಬರೆಯುತ್ತಾನೆ, ಪೆನ್ಸಿಲಿನಲ್ಲಿ.
ಪೆನ್ಸಿಲು ಹೆರೆದುಕೊಡುವವಳು ನಾನು.
ನನ್ನ ತಮ್ಮ ಕುಟ್ಟಪ್ಪ ಹೋದದ್ದು ಒಂದು ದವಡೆಹಲ್ಲಿನಿಂದ.
ಅವ್ವನಿಂದ ಅವನಿಗೆ, ನನ್ನಿಂದ ಇವನಿಗೆ,
ಒಡವೆಯ ಜೊತೆ ಬಂದದ್ದು, ಯಾರೂ ತೂಗಿ ನೋಡದ್ದು.

ಎರಡು ವಾರದ ಮೇಲೆ ಫೋನು.
ಆಗುವುದಿಲ್ಲ.
ಅವನ ರಕ್ತಕ್ಕೆ ಈ ವೈರಸ್ಸಿನ ಗುರುತು ಮೊದಲೇ ಇದೆ.
ಯಾವಾಗಲೋ ಬಂದಿತ್ತು, ತನ್ನದನ್ನೇ ತುಂಬಿಕೊಂಡು,
ಜ್ವರವನ್ನೂ ತರದೆ, ಹೆಸರನ್ನೂ ಹೇಳದೆ.
ಇನ್ನು ಪೆಟ್ಟಿಗೆ ಅಂಗಳ ದಾಟುವ ಮೊದಲೇ
ಮೈ ಅದನ್ನು ಹರಿದು ಹಾಕುತ್ತದೆ.

ನಮ್ಮ ಕರಿನಾಯಿಯೂ ಹೀಗೇ.
ಒಮ್ಮೆ ಮೂಸಿದ ಕಾಲನ್ನು ಬಿಡುವುದಿಲ್ಲ,
ಆ ಕಾಲು ಆಮೇಲೆ ಔಷಧಿ ಹೊತ್ತು ತಂದರೂ.
ಬೈಯಲಾರೆ. ಕಾಯಲೆಂದೇ ಸಾಕಿದ್ದು.

ಲೆಕ್ಕ ಹಾಕುತ್ತಾ ಕೂತೆ, ಯಾವ ದಿನ ಅದು?
ಸೋಮವಾರದ ಸಂತೆಯಲ್ಲಿ ಎತ್ತಿಕೊಂಡ ಯಾವ ಕೈ,
ಅಂಗನವಾಡಿಯ ಯಾವ ಸೀನು,
ಯಾವ ಮಧ್ಯಾಹ್ನ ಅವನು ನಗುತ್ತಾ ಆಡುತ್ತಿದ್ದ,
ನಾನು ಮಗು ಆರಾಮ ಎಂದುಕೊಂಡೆ?

ಬೇರೆ ಚಿಪ್ಪು ಹುಡುಕುತ್ತಿದ್ದಾರಂತೆ,
ಅವನ ರಕ್ತ ಇನ್ನೂ ಕಂಡಿರದ್ದು.
ಅಲ್ಲಿಯವರೆಗೆ ಫ್ರಿಜ್ಜಿನಲ್ಲಿ, ಕಾಚಂಪುಳಿ ಸೀಸೆಯ ಪಕ್ಕ,
ಇಂಜೆಕ್ಷನ್ ಬಾಟಲಿಗಳು.
ಮಂಗಳವಾರ, ಶುಕ್ರವಾರ.

ಅವನು ತೋಳು ಚಾಚುತ್ತಾನೆ.
ನರ ಏಳಲೆಂದು ಎರಡು ಬೆರಳಲ್ಲಿ ತಟ್ಟುತ್ತೇನೆ.
ಯಾರದು, ಎನ್ನುತ್ತಾನೆ,
ಟಿವಿಯಿಂದ ಕಣ್ಣು ತೆಗೆಯದೆ.